ಮೊರದಲ್ಲಿ ಉಳಿದ ಮುಗ್ಗಲು ಬೀಜ

ಶೇಂಗಾ ಬೀಜದ ಪರೀಕ್ಷಾ ವರದಿ ಕೈಗೆ ಬಂದ ತಕ್ಷಣ ಹೆಚ್ಚಿನವರು ಕೇಳುವುದು ಒಂದೇ ಮಾತು: “ಸರ್, ಇದರಲ್ಲಿ ವಿಷ ಇದೆಯಾ, ಇಲ್ವಾ?” ಆಹಾರ ಪರೀಕ್ಷೆಯ ಕೆಲಸದಲ್ಲಿ ಇಷ್ಟು ವರ್ಷ ಕಳೆದರೂ ಇದಕ್ಕೆ ಹೌದು, ಇಲ್ಲ ಎಂದಷ್ಟೇ ಹೇಳಿ ಮುಗಿಸಲು ನನಗೆ ಆಗುವುದಿಲ್ಲ. ಒಂದು ಕೆಜಿ ಕಾಳಿನೊಳಗೆ ಗ್ರಾಂನ ಹತ್ತು ಲಕ್ಷದಲ್ಲೊಂದು ಪಾಲು, ಅಂದರೆ ಒಂದು ಮೈಕ್ರೋಗ್ರಾಂ, ಅಡಗಿದ್ದರೂ ಈಗಿನ ಯಂತ್ರಗಳು ಹಿಡಿದು ತೋರಿಸುತ್ತವೆ. ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ಎಷ್ಟಿದೆ, ಎಷ್ಟು ತೂಕದ ದೇಹಕ್ಕೆ ಹೋಗುತ್ತಿದೆ, ಎಷ್ಟು ದಿನದಿಂದ ಹೋಗುತ್ತಿದೆ ಎಂದು ಕೇಳಬೇಕು.

ಆಹಾರದಲ್ಲಿ ಸೇರುವ ಬಹಳಷ್ಟು ರಾಸಾಯನಿಕಗಳಿಗೆ ಒಂದು ಹೊಸ್ತಿಲು ಇರುತ್ತದೆ. ಅಲ್ಲಿಯವರೆಗೆ ಯಕೃತ್ತು, ಮೂತ್ರಪಿಂಡಗಳು ಸಂಭಾಳಿಸುತ್ತವೆ, ದಾಟಿದರೆ ತೊಂದರೆ. ಸಿಹಿಕಾರಕ ಆಸ್ಪರ್ಟೇಮ್‌ನ ಲೆಕ್ಕ ನೋಡಿ. ದೇಹತೂಕದ ಪ್ರತಿ ಕೆಜಿಗೆ ದಿನಕ್ಕೆ 4000 ಮಿಲಿಗ್ರಾಂ ತಿನ್ನಿಸಿದರೂ ಇಲಿಗಳಿಗೆ ಹಾನಿ ಕಾಣಲಿಲ್ಲ. ಮನುಷ್ಯ ಇಲಿಗಿಂತ ಸೂಕ್ಷ್ಮನಿರಬಹುದು ಎಂದು ಅದನ್ನು 10ರಿಂದ ಭಾಗಿಸಿದರು. ಮನುಷ್ಯರಲ್ಲೂ ಎಲ್ಲರ ಮೈ ಒಂದೇ ಅಲ್ಲವೆಂದು ಮತ್ತೊಮ್ಮೆ 10ರಿಂದ ಭಾಗಿಸಿದರು. ಉಳಿದದ್ದು 40. ಅಂದರೆ 15 ಕೆಜಿ ತೂಗುವ ಮಗುವಿಗೆ ದಿನಕ್ಕೆ 600 ಮಿಲಿಗ್ರಾಂ, ಅದೂ ಜೀವಮಾನವಿಡೀ ದಿನಾ ತಿಂದರೂ ಪರವಾಗಿಲ್ಲ ಎನ್ನುವ ಮಿತಿ. ಒಂದು ದಿನ ಸ್ವಲ್ಪ ಹೆಚ್ಚಾಯಿತೆಂದು ಗಾಬರಿಪಡಬೇಕಿಲ್ಲ. (ಹುಟ್ಟಿನಿಂದ ಫೀನೈಲ್‌ಕೀಟೋನೂರಿಯ ಎಂಬ, ಈ ಸಿಹಿಕಾರಕದ ಒಂದು ಅಂಶವನ್ನು ದೇಹ ಅರಗಿಸಿಕೊಳ್ಳಲಾಗದ ಕಾಯಿಲೆ ಇರುವವರಿಗೆ ಮಾತ್ರ ಈ ಲೆಕ್ಕ ಅನ್ವಯಿಸದು. ಅವರು ಆಸ್ಪರ್ಟೇಮ್ ಮುಟ್ಟಲೇಬಾರದು.)

ಶೇಂಗಾ, ಮೆಕ್ಕೆಜೋಳಗಳ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಈ ಲೆಕ್ಕಕ್ಕೆ ಸಿಗುವುದಿಲ್ಲ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದೂ ಅದೇ. 1974ರಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾನ್ಸವಾಡಾ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ನೆನೆದ ಮೆಕ್ಕೆಜೋಳವನ್ನು ಬಡವರು ವಾರಗಟ್ಟಲೆ ಉಂಡರು. ಬೇರೆ ಧಾನ್ಯ ಅವರ ಮನೆಯಲ್ಲಿರಲಿಲ್ಲ. ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು, ನೂರಕ್ಕೂ ಹೆಚ್ಚು ಜನ ಸತ್ತರು. ಆ ಜೋಳದಲ್ಲಿ ಕೆಜಿಗೆ 6ರಿಂದ 15 ಮಿಲಿಗ್ರಾಂ ವಿಷವಿತ್ತು. ಧಾನ್ಯಗಳಿಗೆ ಈಗ ನಮ್ಮ ದೇಶದಲ್ಲಿರುವ ಮಿತಿ 15 ಮೈಕ್ರೋಗ್ರಾಂ. ಅದರ ನೂರಾರು ಪಟ್ಟು!

ಹಾಗೆ ಥಟ್ಟನೆ ಯಕೃತ್ತನ್ನು ಕೆಡಿಸಲು ಈ ವಿಷಕ್ಕೂ ಹೊಸ್ತಿಲು ಇದೆ. ಕ್ಯಾನ್ಸರಿನ ಮಾತು ಬೇರೆ. ಯಕೃತ್ತು ಅಫ್ಲಾಟಾಕ್ಸಿನ್ನನ್ನು ಒಡೆಯಲು ಹೋದಾಗ ಹುಟ್ಟುವ ವಸ್ತು ನೇರವಾಗಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ, ಅದರಿಂದ ಮುಂದೆ ಯಕೃತ್ತಿನ ಕ್ಯಾನ್ಸರ್ ಹುಟ್ಟಬಹುದು. ಕಡಿಮೆ ತಿಂದರೆ ಅಪಾಯ ಕಡಿಮೆ, ಆದರೆ ಇಷ್ಟರ ಕೆಳಗೆ ಸೊನ್ನೆ ಎಂದು ಗೆರೆ ಎಳೆಯಲಾಗದು. ಹೆಪಟೈಟಿಸ್ ಬಿ ಸೋಂಕಿದ್ದವರಿಗೆ ಅದೇ ಪ್ರಮಾಣದಿಂದ ಬರುವ ಅಪಾಯ ಸುಮಾರು 30 ಪಟ್ಟು ಹೆಚ್ಚು. ಹಾಗಾಗಿ ಮಕ್ಕಳಿಗೆ ಹಾಕಿಸುವ ಹೆಪಟೈಟಿಸ್ ಬಿ ಲಸಿಕೆ ಈ ವಿಷದ ವಿರುದ್ಧವೂ ಕೆಲಸ ಮಾಡುತ್ತದೆ ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ. 15 ಎಂಬ ಮಿತಿಯ ಕೆಳಗಿದ್ದರೆ ಮಾರಬಹುದು, ನಿಜ. ಅಪಾಯವೇ ಇಲ್ಲ ಎಂದು ಆ ಅಂಕಿ ಹೇಳುವುದಿಲ್ಲ.

ಚಳ್ಳಕೆರೆ, ಪಾವಗಡದ ಕಡೆಯ ಹೆಣ್ಣುಮಕ್ಕಳಿಗೆ ಶೇಂಗಾ ಹಸನು ಮಾಡುವುದನ್ನು ಹೇಳಿಕೊಡಬೇಕಿಲ್ಲ. ಈ ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಕೆಲವೇ ಬೀಜಗಳಲ್ಲಿ ಗುಡ್ಡೆಯಾಗಿರುತ್ತದೆ. ಮೊರದಲ್ಲಿ ಹರಡಿದಾಗ ಕಪ್ಪಗೆ ಮಂಕಾದದ್ದು, ಸುಕ್ಕುಗಟ್ಟಿದ್ದು, ಹುಳು ಕೊರೆದದ್ದು, ಮುಗ್ಗಲು ವಾಸನೆಯದು ಆರಿಸಿ ತೆಗೆದರೆ ವಿಷದ ದೊಡ್ಡ ಪಾಲು ಹೊರಹೋಗುತ್ತದೆ. ಹುರಿದರೆ ಪೂರ್ತಿ ಹೋಗದು. ತಿನ್ನುವಾಗ ಒಂದು ಬೀಜ ಕಹಿ ಅನ್ನಿಸಿದರೆ ಮಗು ಉಗಿಯಲಿ, ನುಂಗು ಎಂದು ಗದರಬೇಡಿ.

ಆರಿಸಿ ತೆಗೆದ ಬೀಜವನ್ನು ಹಿಂಡಿಗೆಂದು ಗಾಣಕ್ಕೆ ಕಳಿಸುವುದೂ ಬೇಡ, ದನದ ಬಾನಿಗೆ ಸುರಿಯುವುದೂ ಬೇಡ. ಎಣ್ಣೆ ತೆಗೆದ ಮೇಲೆ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಆ ಹಿಂಡಿ ತಿಂದ ಹಸುವಿನ ಹಾಲಿನಲ್ಲಿ ಅದು ಎಂ1 ಎಂಬ ರೂಪದಲ್ಲಿ ಇಳಿಯುತ್ತದೆ. ಹಾಲಿಗೆ ಕಾನೂನು ಇಟ್ಟಿರುವ ಮಿತಿ ಕೆಜಿಗೆ ಬರೀ 0.5 ಮೈಕ್ರೋಗ್ರಾಂ, ಏಕೆಂದರೆ ಅದನ್ನು ದಿನವೂ ಕುಡಿಯುವುದು ಹತ್ತು ಕೆಜಿ ತೂಕದ ಕೂಸು.