ಟಾರ್ಬೋಲ್ಟನ್ ರೀಲ್: ಪ್ರತಿಗಳು ನೂರು, ಸಾಕ್ಷಿ ಎಷ್ಟು?

ಹಳೆ ರೆಕಾರ್ಡ್‌ಗಳ ಪಟ್ಟಿ ಮಾಡುವುದು ನನ್ನ ಕೆಲಸ. "ಈ ಟ್ಯೂನಿನ ಅತಿ ಹಳೆಯ ರೂಪ ಯಾವುದು?" ಅಂತ ಕೇಳುವವರು ಜಾಸ್ತಿ. ಕೇಳುವ ಹೊತ್ತಿಗೆ ಒಂದಷ್ಟು ರೆಕಾರ್ಡಿಂಗು, ಒಂದಷ್ಟು ಸ್ವರಲಿಪಿ ಒಟ್ಟು ಮಾಡಿಕೊಂಡಿರುತ್ತಾರೆ. ಎಲ್ಲದರಲ್ಲೂ ಒಂದೇ ಥರ ಇದೆ, ಹಾಗಾಗಿ ಅದೇ ಮೂಲ ಅನ್ನುತ್ತಾರೆ. ನನಗೆ ಅನುಮಾನ ಶುರುವಾಗುವುದೇ ಅಲ್ಲಿ.

ಐರ್ಲೆಂಡಿನವರು ನುಡಿಸುವ 'ಟಾರ್ಬೋಲ್ಟನ್' ರೀಲನ್ನೇ ತಗೊಳ್ಳಿ. ರೀಲ್ ಅಂದರೆ ಚುರುಕಾದ, ನಾಲ್ಕರ ನಡೆಯ ಕುಣಿತದ ಟ್ಯೂನ್. 'ಇ' ಸ್ವರವನ್ನು ಷಡ್ಜ ಮಾಡಿಕೊಂಡರೆ ಶುರು ಹೀಗಿದೆ: ಸಾ ಪಸ ನಿಸಪಸ, ಸಾ ಪಸ ಮರಿನಿರಿ. ಕೊನೆಯ ನಿಷಾದ ಮಂದ್ರದ್ದು. ಖರಹರಪ್ರಿಯದ ಸ್ವರಗಳೇ, ಆದರೆ ಓಟ ಬೇರೆ.

ಇದನ್ನು ಹಬ್ಬಿಸಿದ್ದು ಮೈಕಲ್ ಕೋಲ್ಮನ್. 1891ರಲ್ಲಿ ಐರ್ಲೆಂಡಿನ ಸ್ಲೈಗೋ ಕೌಂಟಿಯಲ್ಲಿ ಹುಟ್ಟಿದ ಪಿಟೀಲುಗಾರ, 1914ರಲ್ಲಿ ಅಮೆರಿಕಕ್ಕೆ ಹೋದ. 1921ರಿಂದ 1936ರವರೆಗೆ ನ್ಯೂಯಾರ್ಕಿನಲ್ಲಿ ರೆಕಾರ್ಡ್ ಕೊಟ್ಟ. 1934ರಲ್ಲಿ ಡೆಕ್ಕಾ ಕಂಪನಿಗೆ 'ಟಾರ್ಬೋಲ್ಟನ್', 'ಲಾಂಗ್‌ಫರ್ಡ್ ಕಲೆಕ್ಟರ್', 'ಸೇಲರ್ಸ್ ಬಾನೆಟ್' ಮೂರನ್ನೂ ಒಂದರ ಹಿಂದೆ ಒಂದು ನುಡಿಸಿದ. ಆ ತಟ್ಟೆಗಳು ಹಡಗು ಹತ್ತಿ ಐರ್ಲೆಂಡಿಗೆ ವಾಪಸ್ ಹೋದವು. ಊರೂರಿನ ಪಿಟೀಲಿನವರು ಗ್ರಾಮಫೋನಿಗೆ ಕಿವಿಯಿಟ್ಟು ಕಲಿತರು. ಇವತ್ತಿಗೂ ಟಾರ್ಬೋಲ್ಟನ್ ಮುಗಿದ ಕೂಡಲೇ ಉಳಿದೆರಡು ಅದೇ ಸಾಲಿನಲ್ಲಿ ಬರುತ್ತವೆ.

ಈ ಸಾಲೇ ದೊಡ್ಡ ಸುಳಿವು. 1960ರ ದಶಕದ ಯಾವುದೋ ಟೇಪಿನಲ್ಲಿ ಈ ಮೂರೂ ಹೀಗೇ ಬಂದರೆ, ನುಡಿಸಿದವರು ಕೋಲ್ಮನ್‌ನಿಂದ ಕಲಿತಿರುವ ಸಾಧ್ಯತೆಯೇ ಜಾಸ್ತಿ, ನೇರವಾಗಿಯೋ ಸುತ್ತುಬಳಸಿಯೋ. ಅಂಥ ಇಪ್ಪತ್ತು ಟೇಪ್ ಸಿಕ್ಕರೂ ನನ್ನ ಲೆಕ್ಕದಲ್ಲಿ ಸಾಕ್ಷಿ ಒಂದೇ. ಅವನ್ನು ಕೇಳಿ ಬರೆದ ಸ್ವರಲಿಪಿಗಳೂ ಅದೇ ಕಂತೆಗೆ ಹೋಗುತ್ತವೆ.

ಸ್ವರಲಿಪಿಯದ್ದು ಇನ್ನೊಂದು ತಕರಾರು. ಕೋಲ್ಮನ್ ಮರಳಿ ಮರಳಿ ನುಡಿಸುವಾಗ ಅಲ್ಲಲ್ಲಿ ಬದಲಿಸುತ್ತಿದ್ದ. ಬರೆಯುವವರು ಒಂದು ಸುತ್ತನ್ನು ಆರಿಸಿ ಬರೆಯುತ್ತಾರೆ, ಯಾವ ಸುತ್ತು ಅಂತ ಹೇಳುವುದಿಲ್ಲ. ನಮ್ಮ ಕೀರ್ತನೆಯ ಪುಸ್ತಕದಲ್ಲಿ ಗಮಕ ಇರದ ಹಾಗೆ, ಇಲ್ಲೂ ಕಮಾನಿನ ಏಟು, ಸಣ್ಣ ತಿರುವುಗಳು ಬಿಟ್ಟುಹೋಗಿರುತ್ತವೆ. ರೆಕಾರ್ಡ್ ಕೇಳದೆ ಬರೀ ಲಿಪಿ ಹೋಲಿಸಿದರೆ ಇಬ್ಬರು ಬರಹಗಾರರ ಕೈ ಹೋಲಿಸಿದಂತಾಗುತ್ತದೆ ಅಷ್ಟೆ.

ಶ್ರುತಿಯನ್ನೂ ಸುಮ್ನೆ ನಂಬಬೇಡಿ. ನಿಮಿಷಕ್ಕೆ 78 ಸುತ್ತಿನ ತಟ್ಟೆಯನ್ನು 82-83ಕ್ಕೆ ಓಡಿಸಿದರೆ ಅರ್ಧ ಸ್ವರ ಮೇಲೇರುತ್ತದೆ. ಹಳೆಯ ಎಷ್ಟೋ ತಟ್ಟೆಗಳು ಸರಿಯಾಗಿ 78ರಲ್ಲಿ ಮುದ್ರಣ ಆಗಿಯೇ ಇಲ್ಲ. ಪಿಟೀಲನ್ನೇ ಏರಿಸಿಕೊಂಡಿರಲೂಬಹುದು. ಆಗ ನಾನು ಬೆರಳೊತ್ತದ ತಂತಿಯ ದನಿ ಹುಡುಕುತ್ತೇನೆ. ಅದರ ಗುಂಯ್ ಬೇರೆಯೇ ಇರುತ್ತದೆ. ಅದು ಎಲ್ಲಿ ಬಿತ್ತು ಅಂತ ಗೊತ್ತಾದರೆ ಯಾವ ಬೆರಳಿನಲ್ಲಿ ನುಡಿಸಿದ ಅನ್ನುವುದೂ ಗೊತ್ತಾಗುತ್ತದೆ.

ಇನ್ನು ಹೆಸರು ಹಿಡಿದು ಹುಡುಕಿದರೆ ಕೆಟ್ಟಿರಿ. ಒಂದೇ ಟ್ಯೂನಿಗೆ ಹತ್ತು ಹೆಸರು, ಒಂದೇ ಹೆಸರಿಗೆ ನಾಲ್ಕು ಟ್ಯೂನು. ಐರಿಷ್ ಟ್ಯೂನುಗಳ ಸಂಗ್ರಾಹಕ ಬ್ರೆಂಡಾನ್ ಬ್ರಾನಕ್ ಅದಕ್ಕೇ ಟ್ಯೂನಿನ ಶುರುವಿನ ಒತ್ತು ಸ್ವರಗಳನ್ನು ಹಿಡಿದು ಕಾರ್ಡುಗಳ ಸೂಚಿ ಕಟ್ಟಿದರು. ನೀವೂ ಹಾಗೇ ಮಾಡಿ. ಟಾರ್ಬೋಲ್ಟನ್ನಿನದು ಸ, ನಿ, ಸ, ಮ. ಹಾಗೆ ಹುಡುಕಿದರೆ ಹೆಸರು ಬೇರೆಯಾಗಿದ್ದರೂ ಕೈಗೆ ಸಿಗುತ್ತದೆ. ಅಂದಹಾಗೆ, ಸ್ಕಾಟ್ಲೆಂಡಿನಲ್ಲಿ ಇದೇ ರೀಲ್ 'ಟಾರ್ಬೋಲ್ಟನ್ ಲಾಡ್ಜ್'. ಟಾರ್ಬೋಲ್ಟನ್ ಇರುವುದು ಅಲ್ಲಿನ ಏರ್‌ಶೈರಿನಲ್ಲಿ.

ರೆಕಾರ್ಡಿಗಿಂತ ಮುಂಚಿನ ಪುಸ್ತಕಗಳಿಗೆ ತೂಕ ಜಾಸ್ತಿ. ಷಿಕಾಗೋದ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓನೀಲ್ 1903ರಲ್ಲಿ 1850 ಧಾಟಿಗಳನ್ನೂ 1907ರಲ್ಲಿ ಕುಣಿತದ 1001 ಧಾಟಿಗಳನ್ನೂ ಅಚ್ಚು ಹಾಕಿಸಿದರು. ಲಿಪಿ ಬರೆದುಕೊಟ್ಟದ್ದು ಜೇಮ್ಸ್ ಓನೀಲ್ ಅನ್ನುವ ಪೊಲೀಸ್ ಸಾರ್ಜೆಂಟ್. ಅಲ್ಲಿರುವುದು ಅವರ ಕಿವಿ ಕೇಳಿದ ರೂಪ, ಅದನ್ನೂ ಗುರುತು ಹಾಕಿಕೊಳ್ಳಿ.

ಕೈಗೆ ಅಸಲಿ ತಟ್ಟೆ ಸಿಕ್ಕರೆ ಲೇಬಲ್ಲಿನ ಸುತ್ತ ಕೆತ್ತಿರುವ ಮ್ಯಾಟ್ರಿಕ್ಸ್ ನಂಬರನ್ನು, ಅಂದರೆ ಆ ರೆಕಾರ್ಡಿಂಗಿಗೆ ಕಂಪನಿ ಕೊಟ್ಟ ಗುರುತಿನ ಸಂಖ್ಯೆಯನ್ನು, ಮೊದಲು ಬರೆದುಕೊಳ್ಳಿ. ಆಮೇಲೆ ಎಲ್‌ಪಿಯಲ್ಲಿ, ಸಿಡಿಯಲ್ಲಿ ಬಂದದ್ದು ಹೊಸ ರೆಕಾರ್ಡಿಂಗೋ ಅದೇ ಹಳೆಯದೋ ಅನ್ನುವ ಜಗಳ ಸಾಮಾನ್ಯವಾಗಿ ಅಲ್ಲೇ ತೀರುತ್ತದೆ.