ಉಪಗ್ರಹ ನಿವೃತ್ತಿಯಾದರೆ ಮನೆ ಮೇಲಿನ ಡಿಶ್ ತಿರುಗಿಸಬೇಕೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಫ್ರೀ ಡಿಶ್ ಇದೆ. ಅದರ ಉಪಗ್ರಹಕ್ಕೆ ಹನ್ನೆರಡೇ ವರ್ಷ ಆಯುಷ್ಯವಂತೆ. ಬಿಸಿಲಿನಿಂದಲೇ ಕರೆಂಟು ಸಿಗುವಾಗ ಅದೇಕೆ ಕೆಡಬೇಕು? ಆಮೇಲೆ ಡಿಶ್ ಬೇರೆ ಕಡೆ ತಿರುಗಿಸಬೇಕಾ?
– ಮಂಡ್ಯದ ಓದುಗರೊಬ್ಬರು

ಉತ್ತರ: ಸಾಮಾನ್ಯವಾಗಿ ತಿರುಗಿಸಬೇಕಿಲ್ಲ. ಮುಗಿಯುವುದು ಕರೆಂಟಲ್ಲ, ಇಂಧನ.

ಫ್ರೀ ಡಿಶ್ ಬರುವುದು 2015ರ ನವೆಂಬರಿನಲ್ಲಿ ಹಾರಿಸಿದ ಜಿಸ್ಯಾಟ್-15ರಿಂದ. ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ಅದು ನಿಂತಿದೆ. ನಿಂತಿದೆ ಅನ್ನುವುದು ಬಾಯಿಮಾತಿಗೆ. ಸೂರ್ಯ, ಚಂದ್ರರ ಸೆಳೆತಕ್ಕೆ ಕಕ್ಷೆ ವರ್ಷಕ್ಕೆ ಮುಕ್ಕಾಲು ಡಿಗ್ರಿಗೂ ಹೆಚ್ಚು ವಾಲುತ್ತದೆ. ಹಾಗೇ ಬಿಟ್ಟರೆ ಉಪಗ್ರಹ ದಿನಕ್ಕೊಮ್ಮೆ ಉತ್ತರ-ದಕ್ಷಿಣವಾಗಿ ತೂಗಾಡತೊಡಗುತ್ತದೆ. 60 ಸೆಂ.ಮೀ. ಡಿಶ್ಶಿನ ನೋಟದ ಅಗಲ ಸುಮಾರು 3 ಡಿಗ್ರಿ ಮಾತ್ರ. ಎರಡು ವರ್ಷ ಸುಮ್ಮನಿದ್ದರೂ ಸಾಕು, ದಿನಕ್ಕೆರಡು ಸಲ ಚಿತ್ರ ಮಾಯವಾಗಬಹುದು.

ಇನ್ನೊಂದು ಕಾಟ ಭೂಮಿಯದೇ. ಸಮಭಾಜಕ ಪೂರ್ತಿ ದುಂಡಗಿಲ್ಲದ ಕಾರಣ 75 ಡಿಗ್ರಿ ಪೂರ್ವದಲ್ಲಿ, ಅಂದರೆ ಹೆಚ್ಚುಕಡಿಮೆ ನಮ್ಮ ಮಂಗಳೂರಿನ ನೇರಕ್ಕೆ, ಸೆಳೆತದ ಒಂದು ಹಳ್ಳವಿದ್ದಂತಿದೆ. ಆಸುಪಾಸಿನ ಉಪಗ್ರಹಗಳೆಲ್ಲ ಅತ್ತ ಜಾರುತ್ತವೆ.

ಇದನ್ನೆಲ್ಲ ಸರಿಪಡಿಸಲು ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಿಂದ ಆಗಾಗ ಆಜ್ಞೆ ಕಳಿಸಿ ಥ್ರಸ್ಟರ್, ಅಂದರೆ ಉಪಗ್ರಹದ ಪುಟ್ಟ ರಾಕೆಟ್ಟುಗಳನ್ನು, ಉರಿಸುತ್ತಾರೆ. ಎರಡು ಟನ್ ತೂಕದ ಉಪಗ್ರಹಕ್ಕೆ ವರ್ಷಕ್ಕೆ 35 ಕೆ.ಜಿ. ಇಂಧನವಾದರೂ ಬೇಕು. ಹೊರಡುವಾಗ ತುಂಬಿಕೊಂಡ ಇಂಧನದ ಬಹುಪಾಲು ಈ ಎತ್ತರಕ್ಕೆ ಏರುವುದರಲ್ಲೇ ಖರ್ಚಾಗಿರುತ್ತದೆ. ಉಳಿದದ್ದರಲ್ಲಿ ಸಂಸಾರ.

ಎಷ್ಟು ಉಳಿದಿದೆ ಎಂದು ತಿಳಿಯುವುದೇ ಕಷ್ಟದ ಲೆಕ್ಕ. ತೂಕವೇ ಇಲ್ಲದ ಕಡೆ ದ್ರವ ತಳದಲ್ಲಿ ನಿಲ್ಲುವುದಿಲ್ಲ, ಬೈಕಿನ ಟ್ಯಾಂಕಿನ ತೇಲುಗುಂಡು ಅಲ್ಲಿ ನಡೆಯದು. ಯಾವ ಥ್ರಸ್ಟರ್ ಎಷ್ಟು ಸೆಕೆಂಡು ಉರಿಯಿತೆಂದು ಬರೆದಿಟ್ಟುಕೊಂಡು ಕಳೆಯುತ್ತಾ ಹೋಗಬೇಕು. ಜೊತೆಗೆ ಇಂಧನವನ್ನು ಒತ್ತಿ ಹೊರತಳ್ಳಲು ಟ್ಯಾಂಕಿನೊಳಗೆ ತುಂಬಿದ ಹೀಲಿಯಂನ ಒತ್ತಡ, ಉಷ್ಣಾಂಶ ನೋಡಿ ತಾಳೆ ಹಾಕಬೇಕು. ಕೊನೆಕೊನೆಗೆ ಈ ಲೆಕ್ಕ ಕೆಲವು ತಿಂಗಳು ಆಚೀಚೆಯಾಗುವುದುಂಟು. ಹಾಗಾಗಿ ಕೊನೇ ಹನಿವರೆಗೆ ಯಾರೂ ಕಾಯುವುದಿಲ್ಲ. ಕೆಲಸ ಮುಗಿದ ಉಪಗ್ರಹಗಳನ್ನು ಬಿಡುವ, ಸುಮಾರು 300 ಕಿ.ಮೀ. ಮೇಲಿನ ಸ್ಮಶಾನ ಕಕ್ಷೆಗೆ ಏರಿಸಲು ಎರಡು-ಮೂರು ತಿಂಗಳಿನಷ್ಟು ಇಂಧನ ಮೀಸಲಿಡಲೇಬೇಕು. 2007ರ ಮಾರ್ಚಿನಲ್ಲಿ ಹಾರಿದ ಇನ್ಸಾಟ್-4ಬಿಯನ್ನು 2022ರ ಜನವರಿಯಲ್ಲಿ 340 ಕಿ.ಮೀ. ಮೇಲಕ್ಕೆ ಒಯ್ದು ಆರಿಸಿದರು. ಆರಿಸುವಾಗ ಟ್ಯಾಂಕಿನಲ್ಲಿ ಉಳಿದದ್ದನ್ನು ಹೊರಬಿಟ್ಟು ಬ್ಯಾಟರಿ ಬರಿದು ಮಾಡದಿದ್ದರೆ ಮುಂದೆಂದೋ ಸಿಡಿದು ಚೂರಾಗಬಹುದು.

ಇಂಧನವಿದ್ದೂ ಸೊರಗುವುದುಂಟು. ಇದೇ 4ಬಿಯಲ್ಲಿ 2010ರ ಜುಲೈನಲ್ಲಿ ವಿದ್ಯುತ್ ದೋಷ ಕಾಣಿಸಿ ಸಿಗ್ನಲ್ ಪಡೆದು ಮರಳಿ ಕಳಿಸುವ ಟ್ರಾನ್ಸ್‌ಪಾಂಡರುಗಳಲ್ಲಿ ಅರ್ಧದಷ್ಟನ್ನು ಆರಿಸಬೇಕಾಯಿತು.

ಫ್ರೀ ಡಿಶ್ ಮೊದಲು ಬರುತ್ತಿದ್ದುದು 4ಬಿಯಿಂದಲೇ, ಅದೇ 93.5 ಡಿಗ್ರಿಯಿಂದ. ಹೊಸದನ್ನು ಹಳೆಯದರ ಜಾಗಕ್ಕೇ ತಂದದ್ದರಿಂದ ಡಿಶ್ ಅಲುಗಾಡಿಸುವ ಪ್ರಮೇಯ ಬರಲಿಲ್ಲ. ಹೆಚ್ಚೆಂದರೆ ಬಾಕ್ಸಿನಲ್ಲಿ ಚಾನೆಲ್‌ಗಳನ್ನು ಮತ್ತೆ ಹುಡುಕಿಸಬೇಕಾದೀತು.

ಚಿತ್ರ ಹೋದಾಗ ಉಪಗ್ರಹವನ್ನು ಬೈಯುವ ಮೊದಲು ಮಹಡಿ ಹತ್ತಿ. ಡಿಶ್ಶಿನ ಮುಂದೆ ಕಂಬಿಯ ತುದಿಯಲ್ಲಿರುವ ಎಲ್‌ಎನ್‌ಬಿಯ (ಸಿಗ್ನಲ್ ಹಿಡಿಯುವ ಭಾಗ) ಕನೆಕ್ಟರಿಗೆ ನೀರು ಇಳಿದು ಹಸಿರುಗಟ್ಟಿದೆಯೇ, ಆಗ್ನೇಯಕ್ಕೆ ತೆಂಗಿನ ಗರಿ ಅಡ್ಡ ಬಂದಿದೆಯೇ ನೋಡಿ. ಮೈಸೂರು-ಮಂಡ್ಯದಿಂದ ಈ ಉಪಗ್ರಹ ಇರುವುದು ಸುಮಾರು 66 ಡಿಗ್ರಿ ಎತ್ತರದಲ್ಲಿ. ಮನೆ ಡಿಶ್ಶುಗಳು ಆಫ್‌ಸೆಟ್ ಬಗೆಯವು, ಅಂದರೆ ಸಿಗ್ನಲ್ಲನ್ನು ಓರೆಯಾಗಿ ಹಿಡಿಯುವಂಥವು, ಆದ್ದರಿಂದ ತಟ್ಟೆ ಅಷ್ಟು ಮೇಲೆ ನೋಡುವಂತೆ ಕಾಣುವುದಿಲ್ಲ, ಇಪ್ಪತ್ತು-ಇಪ್ಪತ್ತೈದು ಡಿಗ್ರಿ ತಗ್ಗಿದಂತಿರುತ್ತದೆ. ಬಗ್ಗಿದೆ ಅಂದುಕೊಂಡು ಎತ್ತಿ ಕಟ್ಟಿದರೆ ಇದ್ದ ಸಿಗ್ನಲ್ಲೂ ಹೋದೀತು.