ಒಳಗಿನ ಚಿಲಕ

ನಮ್ಮ ಸೋದರತ್ತೆಗೆ ಈಗ 82. ಹೋದ ವರ್ಷ ಅವರ ಮಗ ಮನೆಗೆಲ್ಲ ಬಿಳಿ ಟೈಲ್ಸ್ ಹಾಕಿಸಿ, ಬಚ್ಚಲ ಬಾಗಿಲಿಗೆ ಅಡ್ಡಲಾಗಿ ಗೇಣಗಲದ ಕಪ್ಪು ಗ್ರಾನೈಟ್ ಪಟ್ಟಿ ಕೂರಿಸಿದ. ನೆಲಕ್ಕೂ ಅದಕ್ಕೂ ಕೂದಲೆಳೆಯಷ್ಟೂ ಏರುತಗ್ಗಿರಲಿಲ್ಲ. ಆದರೂ ಅತ್ತೆ ಅಲ್ಲಿಗೆ ಬಂದ ಕೂಡಲೇ ನಿಂತುಬಿಡುತ್ತಿದ್ದರು. ಗೋಡೆ ಹಿಡಿದು, ಕಾಲೆತ್ತಿ, ಕಾಲುವೆ ದಾಟುವವರ ಹಾಗೆ ಆಚೆ ಇಡುತ್ತಿದ್ದರು. “ಅಲ್ಲೇನೂ ಇಲ್ಲಮ್ಮಾ, ನಡಿ” ಎಂದು ಮಗ ಎಷ್ಟು ಹೇಳಿದರೂ ಅಷ್ಟೇ. “ನನಗೆ ಗುಂಡಿ ಕಂಡ ಹಾಗೆ ಕಾಣತ್ತೆ ಕಣೋ” ಅನ್ನುತ್ತಿದ್ದರು.

ಅತ್ತೆ ಹೇಳಿದ್ದು ಸರಿಯಾಗಿಯೇ ಇತ್ತು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ಮಂದವಾಗುತ್ತದೆ, ಪಾಪೆ ಕಿರಿದಾಗುತ್ತದೆ. 20ರ ಹರೆಯದಲ್ಲಿ ಅಕ್ಷಿಪಟಲ ಮುಟ್ಟುತ್ತಿದ್ದ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲಷ್ಟೇ 60ರ ಹೊತ್ತಿಗೆ ಒಳಗೆ ಹೋಗುತ್ತದೆ. ಆಳ ತಿಳಿಯುವ ಶಕ್ತಿಯೂ ಕುಂದುತ್ತದೆ. ಹೀಗಾಗಿ ಕಡುಬಣ್ಣದ ಪಟ್ಟಿ ಗುಂಡಿಯಾಗಿ ಕಾಣುತ್ತದೆ. ಬಿಳಿ ಟೈಲ್ಸ್ ನಡುವಿನ ಬಿಳಿ ಕಮೋಡ್ ಕಣ್ಣಿಗೇ ಬೀಳುವುದಿಲ್ಲ. ಹೊಳೆಯುವ ನೆಲ ಒದ್ದೆಯಾದಂತೆ ತೋರುತ್ತದೆ.

ಹಿರಿಯರಿಗೆಂದು ಮನೆ ಕಟ್ಟುವುದರ ವಿಜ್ಞಾನ ಇಂಥ ಕಡೆಯಿಂದಲೇ ಶುರುವಾಗುತ್ತದೆ. ನಾವು ಬೀಳದೆ ನಿಂತಿರುವುದು ಕಣ್ಣು, ಒಳಕಿವಿ, ಅಂಗಾಲು ಮತ್ತು ಕೀಲುಗಳ ನರಗಳು ಒಟ್ಟಾಗಿ ಕೊಡುವ ಸುಳಿವಿನಿಂದ. ವಯಸ್ಸು ಈ ಎಲ್ಲವನ್ನೂ ಒಂದಿಷ್ಟು ಸವೆಸುತ್ತದೆ. ಎಡವಿದಾಗ ಥಟ್ಟನೆ ಕಾಲು ಮುಂದಿಟ್ಟು ಸಾವರಿಸಿಕೊಳ್ಳಲು ಬೇಕಾದ ಚುರುಕು ಸ್ನಾಯುತಂತುಗಳೇ ಹೆಚ್ಚಾಗಿ ಕರಗುತ್ತವೆ. ನಡುರಾತ್ರಿ ಹಾಸಿಗೆಯಿಂದ ಎದ್ದು ನಿಂತರೆ ಕೆಲವರ ರಕ್ತದೊತ್ತಡ ದಿಢೀರನೆ ಇಳಿದು ತಲೆ ಸುತ್ತುತ್ತದೆ. ಹಾಸಿಗೆಯಿಂದ ಬಚ್ಚಲವರೆಗಿನ ಆ ಹತ್ತು ಹೆಜ್ಜೆಗೆ ಇಡೀ ನಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಚನೆ ಸಲ್ಲಬೇಕು ಎಂದು ನಾನು ನಂಬಿದ್ದೇನೆ. ದಾರಿಯುದ್ದಕ್ಕೂ ನೆಲದ ಹತ್ತಿರ ಮಂದ ದೀಪ ಬೇಕು, ಗೋಡೆಯ ಬಣ್ಣಕ್ಕಿಂತ ಬೇರೆಯಾಗಿ ಕಾಣುವ ಹಿಡಿಕಂಬಿ ಬೇಕು. ಬಚ್ಚಲ ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರು ಬಾಗಿಲಿಗೇ ಒರಗಿ ಬಿದ್ದಿದ್ದರೆ, ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗುವುದಿಲ್ಲ.

ಇಳಿಜಾರಿನ ಲೆಕ್ಕವನ್ನೂ ಮೊದಲೇ ಹಾಕಬೇಕು. ಗಾಲಿಕುರ್ಚಿ ಹತ್ತಲು ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದದ ಇಳಿಜಾರು ಬೇಕು. ಎರಡಡಿ ಎತ್ತರದ ಜಗಲಿಯಾದರೆ 24 ಅಡಿ. ಮನೆ ಕಟ್ಟಿ ಮುಗಿದ ಮೇಲೆ ಅಷ್ಟು ಜಾಗ ಎಲ್ಲಿಂದ ತರುವುದು?

ಇಷ್ಟೆಲ್ಲ ಸರಿಯಾದರೂ ಅದು ಬರೀ ಸುರಕ್ಷಿತ ಕಟ್ಟಡ. ಅದನ್ನು ಮನೆಯಾಗಿಸುವುದು ಏನು ಎಂಬುದನ್ನು ಅಮೆರಿಕದ ಕೆರೆನ್ ಬ್ರೌನ್ ವಿಲ್ಸನ್ ಕಲಿತದ್ದು ತಮ್ಮ ತಾಯಿಯಿಂದ. ತಾಯಿಗೆ 55ನೇ ವಯಸ್ಸಿನಲ್ಲಿ ಪಾರ್ಶ್ವವಾಯು ಬಡಿದು, ನರ್ಸಿಂಗ್ ಹೋಮ್ ಸೇರಬೇಕಾಯಿತು. (ನರ್ಸಿಂಗ್ ಹೋಮ್ ಎಂದರೆ ಅಲ್ಲಿ ನಮ್ಮಲ್ಲಿನ ಹಾಗೆ ಸಣ್ಣ ಆಸ್ಪತ್ರೆಯಲ್ಲ, ಆರೈಕೆ ಬೇಕಾದವರು ವರ್ಷಗಟ್ಟಲೆ ಉಳಿಯುವ ಜಾಗ.) ಆ ತಾಯಿ ಬಯಸಿದ್ದು ಸಣ್ಣದೊಂದು ಅಡುಗೆಮನೆ, ಬಚ್ಚಲು, ತನ್ನ ಸಾಮಾನು, ತಾನೇ ಹಾಕಿಕೊಳ್ಳಬಹುದಾದ ಬಾಗಿಲು. ವಿಲ್ಸನ್ 1983ರಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ‘ಪಾರ್ಕ್ ಪ್ಲೇಸ್’ ಶುರುಮಾಡಿದರು. ಅದರಲ್ಲಿ 112 ಮನೆಗಳು. ಊಟ, ಔಷಧ, ಸ್ನಾನಕ್ಕೆ ಸಹಾಯ ಎಲ್ಲವೂ ಅಲ್ಲೇ ಸಿಗುತ್ತಿತ್ತು. ಆದರೆ ಪ್ರತಿ ಬಾಗಿಲಿಗೂ ಒಳಗಿನಿಂದ ಬೀಗ. ಇಂದು ಅಸಿಸ್ಟೆಡ್ ಲಿವಿಂಗ್ ಎನ್ನುವ ಪದ್ಧತಿಗೆ ಮೊದಲ ಮಾದರಿಗಳಲ್ಲಿ ಅದೂ ಒಂದು. ಇಷ್ಟು ಅಶಕ್ತರನ್ನು ಬಾಗಿಲು ಹಾಕಿಕೊಳ್ಳಲು ಬಿಡುವುದೇ ಎಂದು ಹಲವರು ಗಾಬರಿಯಾದರು. ರಾಜ್ಯ ಸರ್ಕಾರ ಅಲ್ಲಿದ್ದವರ ಆರೋಗ್ಯವನ್ನು ಗಮನಿಸುತ್ತ ಬಂದಾಗ, ಅದು ಕೆಟ್ಟಿರಲಿಲ್ಲ. ಮನಸ್ಸಿನ ಖಿನ್ನತೆಯೂ ಇಳಿದಿತ್ತು.

ಇದಕ್ಕೂ ಮೊದಲು, 1976ರಲ್ಲಿ, ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನೋವಿಜ್ಞಾನಿಗಳು ಕನೆಕ್ಟಿಕಟ್‌ನ ಒಂದು ನರ್ಸಿಂಗ್ ಹೋಮಿನಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದ್ದರು. ಒಂದು ಮಹಡಿಯವರಿಗೆ ತಲಾ ಒಂದು ಗಿಡ ಕೊಟ್ಟು, ನೀರು ಹಾಕುವ ಹೊಣೆ ನಿಮ್ಮದೇ, ನಿಮ್ಮ ದಿನಚರಿಯೂ ನಿಮ್ಮದೇ ಎಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ನೀರನ್ನು ದಾದಿಯರು ಹಾಕಿದರು. ಮೂರು ವಾರದಲ್ಲೇ ಮೊದಲ ಮಹಡಿಯವರು ಹೆಚ್ಚು ಲವಲವಿಕೆಯಿಂದ ಓಡಾಡುತ್ತಿದ್ದರು. 91 ಜನರ ಸಣ್ಣ ಅಧ್ಯಯನವಿದು. ಮೊದಲ ಮಹಡಿಯಲ್ಲಿ ಸಾವು ಕಡಿಮೆಯಾಯಿತೆಂಬ ಆಮೇಲಿನ ಲೆಕ್ಕದ ಮೇಲೆ ನಾನು ಹೆಚ್ಚು ಭಾರ ಹಾಕುವುದಿಲ್ಲ. ಆದರೆ ಗಿಡಕ್ಕೆ ತಾನೇ ನೀರು ಹಾಕುವ ಸಂಗತಿ ನನ್ನ ಮನಸ್ಸಿನಿಂದ ಹೋಗಿಲ್ಲ.

2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ ಇದ್ದರು. ನಿವೃತ್ತರ ವಸತಿಗೆ ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಹೊಸ ವಸತಿಗಳೂ ಏಳುತ್ತಿವೆ. ನನ್ನ ತಕರಾರು ಜಾಗದ ಬಗ್ಗೆ. ಊರಾಚೆ ಭೂಮಿ ಅಗ್ಗವೆಂದು, ಪ್ರಶಾಂತ ವಾತಾವರಣವೆಂದು ಹೇಳಿ ಹಿರಿಯರನ್ನು ದೂರ ಕೂರಿಸುವುದು ದೊಡ್ಡ ತಪ್ಪು. ತರಕಾರಿಯವಳ ಜತೆ ಚೌಕಾಸಿ, ದೇವಸ್ಥಾನದ ಕಟ್ಟೆ, ಶಾಲೆ ಬಿಟ್ಟ ಮಕ್ಕಳ ಗದ್ದಲ, ನಡೆದು ಹೋಗುವಷ್ಟು ಹತ್ತಿರದ ಔಷಧಿ ಅಂಗಡಿ, ಇವೆಲ್ಲ ಸಿಗುವ ಕಡೆ ಹತ್ತು ಮನೆ ಕಟ್ಟಿದರೂ ಸಾಕು. ಮೊಮ್ಮಕ್ಕಳು ಸಂಜೆ ಬಸ್ಸಿಳಿದು ಬಂದುಹೋಗುವಂತಿರಬೇಕು.

ಅತ್ತೆಯ ಮನೆಯ ಆ ಕಪ್ಪು ಪಟ್ಟಿಯನ್ನು ಕೀಳಿಸಿ ನೆಲದ ಬಣ್ಣದ್ದೇ ಕಲ್ಲು ಹಾಕಿಸಿದ್ದಾಯಿತು. ಬಾಗಿಲೂ ಈಗ ಹೊರಕ್ಕೆ ತೆರೆಯುತ್ತದೆ. ಚಿಲಕವನ್ನೂ ತೆಗೆಸಿಬಿಡೋಣವೆಂದು ಮಗ ಹೊರಟಾಗ ಅತ್ತೆ ಸುತಾರಾಂ ಒಪ್ಪಲಿಲ್ಲ. ಹುಡುಕಿದಾಗ, ಒಳಗಿನಿಂದ ಹಾಕಿಕೊಳ್ಳುವ, ತುರ್ತು ಬಂದರೆ ಹೊರಗಿನಿಂದ ನಾಣ್ಯ ಇಟ್ಟು ತಿರುಗಿಸಿ ತೆರೆಯಬಹುದಾದ ಬೀಗ ಅಂಗಡಿಯಲ್ಲಿ ಸಿಕ್ಕಿತು. ಬೆಳಿಗ್ಗೆ ಅತ್ತೆ ಈಗ ಎಲ್ಲೂ ನಿಲ್ಲದೆ ನಡೆದು ಒಳಗೆ ಹೋಗುತ್ತಾರೆ. ಹಿಂದೆಯೇ ಟಕ್ಕೆಂದು ಚಿಲಕ ಬೀಳುವ ಸದ್ದು ಕೇಳುತ್ತದೆ.